ಅಪ್ಪನ ರಾಗ, ಕಂಪನಿಯ ವಾದ

ನಂಗ ಮೂಗಿನ ಮ್ಯಾಲೇ ಸಿಟ್ಟು. ಮೊದಲೇ ಹೇಳಿಬಿಡ್ತೀನಿ, ಆಮ್ಯಾಲ ಹೇಳಲಿಲ್ಲ ಅನ್ನಬ್ಯಾಡ್ರಿ. ಅರಕೇರಾದಾಗ ನಮ್ಮ ಓಣಿ ನಳದ ಮುಂದ ಯಾರಾದ್ರೂ ಸಾಲು ಬಿಟ್ಟು ನಡುವ ಕೊಡ ಇಟ್ರ ನನ್ನ ಬಾಯಿಗಿ ಅಡ್ಡ ಬರೋರು ಯಾರೂ ಇರಲಿಲ್ಲ. "ಈಕಿ ವಕೀಲಕಿನೇ ಮಾಡಬೇಕು ನೋಡು, ಮತ್ತ್ಯಾವುದಕ್ಕೂ ಬರಂಗಿಲ್ಲ" ಅಂತ ಹೆಣ್ಣಮಕ್ಕಳು ನಗಾಡ್ತಿದ್ರು. ಅದನ್ನ ಖರೇ ಅಂತ ನಂಬಿ ಕಾನೂನು ಓದಾಕ ರಾಯಚೂರಿಗಿ ಬಂದೆ. ಬಂದ ಮ್ಯಾಲ ಆ ಬಾಯೇ ಬಿದ್ದುಹೋತು.

ಯಾಕಂದ್ರ ಇಂಗ್ಲಿಷ್. ಪರೀಕ್ಷಿ ಕನ್ನಡದಾಗ ಬರೀಬಹುದಿತ್ತು, ಅದಕ್ಕ ಬಚಾವಾಗಿದ್ದೆ. ಆದ್ರ ಅಣಕು ಕೋರ್ಟು ಅಂತ ಒಂದಿತ್ತಲ್ಲ, ಅದು ನನ್ನ ಜೀವ ತಿಂತು. ಸುಳ್ಳು ಕೇಸು, ಸುಳ್ಳು ಕಟಕಟಿ, ಖರೇ ಮಾರ್ಕು. ಒಂದು ಕೇಸಿನ ಕಥಿ ಕೊಡ್ತಾರ, ಚೀಟಿ ಎತ್ತಿ ಒಬ್ಬರಿಗಿ ಈ ಕಡಿ, ಇನ್ನೊಬ್ಬರಿಗಿ ಆ ಕಡಿ ಅಂತ ಹಂಚತಾರ. ಕರಿ ಕೋಟು ಹಾಕ್ಕೊಂಡು ನಿಂತು ವಾದ ಮಾಡಬೇಕು, ಅದೂ ಇಂಗ್ಲಿಷ್‌ನ್ಯಾಗೇ ಮಾಡಬೇಕು ಅಂತ ನಮ್ಮ ಕಾಲೇಜಿನ ಹಟ. ಹಿಂದಿನ ವರ್ಷ ನಾ ಎದ್ದು ನಿಂತೆ, ಮ್ಯಾಲ ತಿರಗೋ ಫ್ಯಾನ್ ನೋಡಿದೆ, ಕುಂತೆ. ಅಷ್ಟ ನನ್ನ ವಾದ. ಫೇಲು.

ಈ ಸಲಾನೂ ಫೇಲಾದ್ರ ಜೋಡಿ ಓದಿದವರೆಲ್ಲ ಕೋರ್ಟಿಗಿ ಹೋಗ್ತಿದ್ರು, ನಾ ಒಬ್ಬಾಕಿ ಹಿಂದ ಉಳೀತಿದ್ದೆ. ದೇವದುರ್ಗದಾಗ ಒಬ್ಬ ಹಿರಿ ವಕೀಲ್ರು ತಮ್ಮ ಆಫೀಸಿನ್ಯಾಗ ಒಂದು ಕುರ್ಚಿ ನನಗಂತ ಬಿಟ್ಟಿದ್ರು. "ಪಾಸಾಗಿ ಬಾರವ್ವ, ಈ ವರ್ಷ ಬರಲಿಲ್ಲಂದ್ರ ಬ್ಯಾರೇದವರನ್ನ ಕುಂದ್ರಸ್ತೀನಿ" ಅಂತ ಮುಖಕ್ಕ ಮುಖ ಹೇಳಿದ್ರು. ಆ ಬೆತ್ತದ ಕುರ್ಚಿ ಉಂಡ್ರೂ ಕಣ್ಣ ಮುಂದ, ಮಲಗಿದ್ರೂ ಕಣ್ಣ ಮುಂದ. ಕುಂತಲ್ಲಿ ಕುಂದ್ರಾಕ ಆಗ್ತಿದ್ದಿಲ್ಲ, ನಿಂತಲ್ಲಿ ನಿಲ್ಲಾಕ ಆಗ್ತಿದ್ದಿಲ್ಲ.

ನಮಗ ಇಂಗ್ಲಿಷ್ ಕ್ಲಾಸು ಇದ್ದಿಲ್ಲಂತಲ್ಲ. ಇತ್ತು. ರಜಾ ಅರ್ಜಿ ಬರಿಯೋದು ಕಲಿಸಿದ್ರು, ಪ್ರಬಂಧ ಬರಿಯೋದು ಕಲಿಸಿದ್ರು. ಕೋರ್ಟಿನ ತೀರ್ಪು ತೆಗದ್ರ ಒಂದೊಂದು ವಾಕ್ಯ ಒಂದೊಂದು ಪುಟ. ಶುರುವಾದದ್ದು ಎಲ್ಲೋ, ಕ್ರಿಯಾಪದ ಸಿಗೋದು ಎಲ್ಲೋ. ಓದಿ ಮುಗಸೋದ್ರಾಗ ಗೆದ್ದವರು ಯಾರು, ಸೋತವರು ಯಾರು ಅನ್ನೋದೇ ಮರತುಹೋಗ್ತಿತ್ತು. ಎದುರಿಗಿ ಕುಂತ ಜಡ್ಜು ಫಟ್ ಅಂತ ಪ್ರಶ್ನಿ ಒಗದ್ರ ಏನಂತ ಬಾಯಿ ತೆರೀಬೇಕು, ಅದನ್ನ ಯಾರಾದ್ರೂ ಕಲಿಸಿದ್ರಾ? ಇಲ್ಲ. ನಮಗ ಬೇಕಾಗಿದ್ದು ಅದು. ಎತ್ತು ಏರಿಗಿ ಎಳದ್ರ ಕ್ವಾಣ ನೀರಿಗಿ ಎಳೀತಂತ, ಹಂಗಾಗಿತ್ತು ನಮ್ಮ ಕಲಿಕಿ.

ನನ್ನ ರೂಮಿನಾಕಿ ಮಾನ್ವಿಯಾಕಿ. ಅವರ ಮನ್ಯಾಗ ಕಾಲುವಿ ನೀರಿನ ನೆಲ್ಲಿನ ಗದ್ದಿ, ಸಣ್ಣಂದಿನಿಂದ ಇಂಗ್ಲಿಷ್ ಸಾಲಿ. ನಿದ್ದ್ಯಾಗ ಕನವರಿಸಿದ್ರೂ ಇಂಗ್ಲಿಷ್‌ನ್ಯಾಗೇ ಕನವರಸ್ತಿದ್ಲು ಹುಡುಗಿ. ಆದ್ರ ಮನಸು ಒಳ್ಳೇದು, ಡಬ್ಬ್ಯಾಗಿನ ಶೇಂಗಾ ಹಿಂಡಿ ಅರ್ಧ ನನಗ ಹಾಕಿಯೇ ತಾನು ಉಣ್ಣಾಕಿ. ಆ ವರ್ಷ ಚೀಟಿ ಎತ್ತಿದ್ರ ನಾವಿಬ್ಬರೇ ಎದುರಾ ಬದುರಾ ಬಂದ್ವಿ.

ಕೇಸಿನ ಕಥಿ ಹಿಂಗಿತ್ತು. ಹತ್ತಿ ಬಿಡಿಸಾಕ ಹೋದ ಕೂಲಿಯವರು ಸಂಜಿಗಿ ಸಾಮಾನು ಹೇರೋ ಗೂಡ್ಸ್ ಗಾಡ್ಯಾಗ ಹತ್ತಿ ತುಂಬಿದ ಅಂಡಗಿ ಚೀಲದ ಮ್ಯಾಲ ಕುಂತು ಊರಿಗಿ ಬರ್ತಿರ್ತಾರ. ಗಾಡಿ ಪಲ್ಟಿ ಆಗ್ತದ. ಸತ್ತವರು ಸತ್ರು, ಕೈಕಾಲು ಮುರಕೊಂಡವರು ಮುರಕೊಂಡ್ರು. ಅವರಿಗಿ ಪರಿಹಾರ ವಿಮಾ ಕಂಪನಿ ಕೊಡಬೇಕೋ ಬ್ಯಾಡೋ? ಕೂಲಿಯವರ ಕಡಿ ಚೀಟಿ ಮಾನ್ವಿ ಗದ್ದಿ ಮಾಲಕರ ಮಗಳಿಗಿ ಬಂತು. ಕಂಪನಿ ಕಡಿ ಚೀಟಿ ಕೂಲಿಯವನ ಮಗಳಾದ ನನಗ ಬಂತು. ನಮ್ಮಪ್ಪ ಅಂಥದೇ ಗಾಡ್ಯಾಗ ಒಮ್ಮೆ ಹತ್ತಿ ಬಿಡಿಸಾಕ, ಒಮ್ಮೆ ನಾಟಿ ಹಚ್ಚಾಕ ಮಾನ್ವಿ ಕಡಿಗಿ ಹೋಗೋ ಮನಿಷ್ಯಾ. "ಬದಲಿ ಮಾಡಿಕೊಳ್ಳೋಣ್ರಿ ಮೇಡಂ" ಅಂತ ಮಾರ್ಕು ಹಾಕೋ ಇಂಗ್ಲಿಷ್ ಮೇಡಂಗ ಕೇಳಿದೆ. ವಕೀಲರಾದವರು ಕಡಿ ಆರಿಸಿಕೊಳ್ಳೋ ಹಂಗಿಲ್ಲ ಅಂದ್ರು. ಹೋಗ್ಲಿ ಬಿಡು, ಯಾವ ಕಡಿ ಆದ್ರೇನು, ನನಗ ಮಾರ್ಕು ಬೇಕಾಗಿತ್ತು.

ಮಾನ್ವಿಯಾಕಿ ತನ್ನ ವಾದಾನೂ ಬರಕೊಂಡ್ಲು, ನನ್ನದೂ ಬರದುಕೊಟ್ಲು. ನಾ ಬಾಯಿಪಾಠ ಮಾಡಾಕ ಕುಂತೆ. ತಲಿಗಿ ಹತ್ತಲಿಲ್ಲ. ಹಾಸ್ಟೆಲ್ ಮಾಳಿಗಿ ಮ್ಯಾಲ ಈ ಕಡಿಯಿಂದ ಆ ಕಡಿ, ಆ ಕಡಿಯಿಂದ ಈ ಕಡಿ ತಿರಗಾಡಿದೆ. ರಾಯಚೂರಿನ ಬಿಸಲಿಗಿ ಕಾದ ಬಂಡಿಗಲ್ಲು ಅಂಗಾಲು ಸುಡ್ತಿದ್ರೂ ತಿರಗಾಡಿದೆ. "ಕಾಲಿಗಿ ಚಕ್ರ ಕಟ್ಟಿಗೊಂಡೀ ಏನ್ಬೇ? ಕುಂತು ಓದು" ಅಂತ ಆಕಿ ಕೆಳಗಿಂದ ಒದರ್ತಿದ್ಲು. "ನೀ ಸುಮ್ನಿರಬೇ, ನಿನ್ನ ಇಂಗ್ಲಿಷಿಗಿ ಬೆಂಕಿ ಹಚ್ಲಿ" ಅಂತ ನಾ ಮ್ಯಾಲಿಂದ ಒದರ್ತಿದ್ದೆ. ಎರಡು ಸಾಲು ಹತ್ತಿದ್ರ ಮೂರನೇದಕ್ಕ ಮೊದಲಿಂದು ಹಾರಿಹೋಗ್ತಿತ್ತು. ಒಂದಿನ ಸಂಜಿಗಿ ಸಾಕಾಗಿ ಮನಿಗಿ ಫೋನ್ ಹಚ್ಚಿ ಅತ್ತೆ.

ಅಪ್ಪಗ ಓದು ಬರಂಗಿಲ್ಲ. ಆದ್ರ ಭಜನಿ ಮ್ಯಾಳದ ಮುಂದಾಳು ಅವನೇ. ಶನಿವಾರ ಹಣಮಪ್ಪನ ಗುಡ್ಯಾಗ ಕುಂತನಂದ್ರ ಪದದ ಮ್ಯಾಲ ಪದ, ಒಂದು ಸಾಲು ತಪ್ಪಂಗಿಲ್ಲ. ದೇವಸುಗೂರಿಗಿ ಹೋದಾಗೂ ಸೂಗೂರೇಶ್ವರನ ಗುಡಿ ಮುಂದ ಕುಂತು ಹಾಡಿ ಬಂದವ. ನನ್ನ ಅಳು ಕೇಳಿ ಅಂದ: "ಹುಚ್ಚಿ ಇದ್ದೀ ನೋಡು. ಬರೀ ಮಾತು ಹೆಂಗ ಹತ್ತತಾವ ಬೇ? ರಾಗ ಹಚ್ಚಬೇಕು. ಅರ್ಥ ಆಮ್ಯಾಲ ಬರ್ತದ, ಮೊದಲು ಬಾಯಿಗಿ ಬರ್ಲಿ. ನೀ ಓದು, ನಾ ತಾಳ ಹಿಡೀತೀನಿ."

ಓದಿದೆ. "ಮೇ ಇಟ್ ಪ್ಲೀಸ್ ಯುವರ್ ಲಾರ್ಡ್‌ಶಿಪ್." ಅಂದ್ರ, ಸ್ವಾಮಿ ಜಡ್ಜ್ ಸಾಹೇಬ್ರ, ತಮ್ಮ ಅಪ್ಪಣಿ ಆಗಲಿ ಅಂದಂಗ. ಅಪ್ಪ ಅದನ್ನ ಪಲ್ಲವಿ ಮಾಡಿಬಿಟ್ಟ. "ಮೇಟ್ ಪ್ಲೀಜ್ ಯುವರ್ ಲಾಡ್ಶೀಪಾ" ಅಂತ ಎಳದ. ನಗು ಬಂತು ನನಗ. ನಗಕೋತನ ಮುಂದಿಂದು ಓದಿದೆ: ಗಾಡ್ಯಾಗ ಕುಂತವರು ಗ್ರ್ಯಾಟ್ಯೂಟಸ್ ಪ್ಯಾಸೆಂಜರ್ಸು, ಅವರಿಗಿ ಕಂಪನಿ ಜವಾಬ್ದಾರಿ ಅಲ್ಲ, ಅಂತಿದ್ದ ಇಂಗ್ಲಿಷ್ ಸಾಲು. ಅಪ್ಪ ಅದನ್ನ ಎರಡು ಹೋಳು ಮಾಡಿ ತಾಳಕ್ಕ ಕುಂದ್ರಿಸಿದ. ಆಶ್ಚರ್ಯ ಅಂದ್ರ, ಮರುದಿನ ಮುಂಜಾನಿ ಹಲ್ಲು ತಿಕ್ಕುವಾಗ ಆ ಸಾಲು ತಾನೇ ಬಾಯಿಗಿ ಬಂತು.

ಅವತ್ತಿನಿಂದ ದಿನಾ ಸಂಜಿಗಿ ಇದೇ ಕೆಲಸ. ನಾ ಹಾಸ್ಟೆಲ್ ಮಾಳಿಗಿ ಮ್ಯಾಲ, ಅಪ್ಪ ಗುಡಿ ಕಟ್ಟಿ ಮ್ಯಾಲ. ಫೋನ್ ಸ್ಪೀಕರಿಗಿ ಹಾಕ್ತಿದ್ದ. ಮ್ಯಾಳದವರು ದಮ್ಮಡಿ ಬಾರಸ್ತಿದ್ರು, ಕಟ್ಟಿಗಿ ಬಂದ ಹೆಣ್ಣಮಕ್ಕಳೂ ಪಲ್ಲವಿಗಿ ದನಿ ಕೂಡಸ್ತಿದ್ರು. ನಮ್ಮೂರಾಗ ಆಗ ಸಣ್ಣ ಹುಡುಗ್ರೂ ಲಾಡ್ಶೀಪಾ ಲಾಡ್ಶೀಪಾ ಅಂತ ಕುಣಿತಿದ್ವಂತ. ಅರ್ಥ ಏನಂತ ಅಪ್ಪ ಕೇಳಲಿಲ್ಲ. ನನಗೂ ಹೇಳಬೇಕು ಅಂತ ಹೊಳೀಲಿಲ್ಲ. ಮಾರ್ಕಿನ ಚಿಂತಿ, ಕುರ್ಚಿ ಚಿಂತಿ. ಗ್ರ್ಯಾಟ್ಯೂಟಸ್ ಅಂದ್ರೇನು ಅಂತ ಮಾನ್ವಿಯಾಕಿಗಿ ಕೇಳಿದಾಗ "ಪುಕ್ಕಟಿ ಕುಂತವರು ಅಂತ ಬೇ" ಅಂದಿದ್ಲು. ಹೂಂ ಅಂತ ತಲಿ ಆಡಿಸಿದ್ದೆ. ಆಮ್ಯಾಲ ಒಂದ್ಸಲ ಊರಿಗಿ ಹೊಂಟಾಗ ಬಸ್ಸು ಕಲ್ಮಲ ದಾಟಿತ್ತು, ಕೈಯಾಗಿನ ಹೆಣ್ಣಮಕ್ಕಳ ಫ್ರೀ ಟಿಕೆಟ್ ನೋಡಿ, ಪುಕ್ಕಟಿ ಕುಂತಾಕಿ ಅಂದ್ರ ನಾನೇ ಅಲ್ಲೇನು ಅಂತ ನಕ್ಕಿದ್ದೆ. ಅಷ್ಟಕ್ಕ ಬಿಟ್ಟೆ.

ಅಣಕು ಕೋರ್ಟಿನ ದಿನ ಬಂತು. ಮನಿಯವರು ಬಂದು ನೋಡಬಹುದು ಅಂತ ಕಾಲೇಜಿನವರು ಹೇಳಿದ್ರು. ನಾ ಅಪ್ಪಗ ಬ್ಯಾಡ ಅಂದಿದ್ದೆ. ಬಂದ. ಒಬ್ಬನೇ ಅಲ್ಲ, ಮ್ಯಾಳದ ಇಬ್ಬರನ್ನ ಕರಕೊಂಡು, ತೊಳದ ಧೋತ್ರ, ಹೆಗಲಿಗಿ ಟಾವೆಲ್ಲು, ಹಿಂದಿನ ಸಾಲಿನ್ಯಾಗ ಕುಂತ. "ಯಪ್ಪಾ, ಇಲ್ಲಿ ಹಾಡಬಾರದು, ದಮ್ಮಡಿ ಬಾರಸಬಾರದು" ಅಂತ ಕಿವ್ಯಾಗ ಹೇಳಿ ಬಂದೆ. "ನನಗ ಅಷ್ಟೂ ತಿಳಿಯಂಗಿಲ್ಲೇನ್ಬೇ? ಹೋಗು, ಹೆದರಬ್ಯಾಡ" ಅಂದ. ನಾ ಕರಿ ಕೋಟಿನ ಗುಂಡಿ ಹಾಕ್ಕೋತ ಮುಂದ ಹೋದೆ.

ಜಡ್ಜ್ ಸ್ಥಾನದಾಗ ಕುಂತವರು ರಿಟೈರ್ ಆದ ಖರೇ ಜಡ್ಜು. ಬೆಳ್ಳಗಿನ ತಲಿ, ಸಣ್ಣ ದನಿ. ಮೊದಲು ಮಾನ್ವಿಯಾಕಿ ಕೂಲಿಯವರ ಕಡಿ ವಾದ ಮಾಡಿದ್ಲು. ಕಂಪನಿ ಮೊದಲು ರೊಕ್ಕ ಕೊಡಲಿ, ಆಮ್ಯಾಲ ಗಾಡಿ ಮಾಲಕನ ಕಡಿಯಿಂದ ವಸೂಲಿ ಮಾಡಿಕೊಳ್ಳಲಿ ಅಂತ. ಚೊಲೊ ಮಾಡಿದ್ಲು. ನನ್ನ ಪಾಳಿ ಬಂತು. ಎದ್ದೆ. ಫ್ಯಾನ್ ನೋಡಲಿಲ್ಲ. ಪಲ್ಲವಿ ಎತ್ತಿದೆ, ಮಾತು ಹರೀತು. ಇಂಗ್ಲಿಷ್ ಮೇಡಂ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಾಕತ್ತಿದ್ರು. ಪಾಸಾದೆ ಮಗಳೇ ಅಂತ ನನಗ ನಾನೇ ಅಂದುಕೊಂಡೆ.

ಆಗ ಜಡ್ಜು ಕೈ ಎತ್ತಿದ್ರು. ಕಂಪನಿ ಕೊಡಂಗಿಲ್ಲಂದ್ರ ಇನ್ನ್ಯಾರು ಕೊಡಬೇಕು ಅಂತ ಇಂಗ್ಲಿಷ್‌ನ್ಯಾಗ ಕೇಳಿದ್ರು. ಪ್ರಶ್ನಿ ತಿಳೀತು, ದೇವರಾಣಿ ತಿಳೀತು. ಆದ್ರ ಹಾಡು ಕಡೀತು. ಭಜನಿ ಪದ ಒಮ್ಮೆ ಕಡದ್ರ ನಡುವಿಂದ ಹಿಡಿಯಾಕ ಬರಂಗಿಲ್ಲ, ಪಲ್ಲವಿಯಿಂದನೇ ಎತ್ತಬೇಕು. ಎತ್ತಿದೆ: "ಮೇ ಇಟ್ ಪ್ಲೀಸ್ ಯುವರ್ ಲಾರ್ಡ್‌ಶಿಪ್." ಅದೇ ಜಾಗಕ್ಕ ಬಂದ ಕೂಡಲೇ ಅವರು ಮತ್ತ ಕೈ ಎತ್ತಿದ್ರು, ಅದೇ ಪ್ರಶ್ನಿ. ನಾ ಮತ್ತ ಪಲ್ಲವಿ. ಹುಡುಗ್ರು ಕಿಸಕ್ ಅಂದ್ರು. ಮತ್ತೊಮ್ಮೆ ಎತ್ತಿದೆ, ಈ ಸಲ ನಡುವಿನ ಸಾಲೇ ಹಾರಿಹೋತು. ನಿಂತೆ. ಕಣ್ಣು ತಾನೇ ಫ್ಯಾನಿನ ಕಡಿ ಹೋತು. ಕುರ್ಚಿ ಹೋತು ಅಂತ ಮನಸಿನ್ಯಾಗ ಯಾರೋ ಅಂದಂಗಾತು.

ಹಿಂದಿನ ಸಾಲಿಂದ ಒಂದು ದನಿ ಬಂತು. "ದೇ ವರ್ ಗ್ರ್ಯಾಟೂಟಸ್ಸು ಪ್ಯಾಸಿಂಜರ್ಸೂ." ನಮ್ಮಪ್ಪ. ಹಾಡಿನ್ಯಾಗ ಒಬ್ಬರು ಎಡವಿದ್ರ ಹಿಂದಿನವರು ಎತ್ತಿಕೊಡೋದು ಭಜನಿ ಪದ್ಧತಿ, ಪಾಪ, ಎತ್ತಿಕೊಟ್ಟ. ಅಷ್ಟಕ್ಕ ಬಿಡಲಿಲ್ಲ, ಜೋಡಿ ಬಂದ ಇಬ್ಬರೂ "ಇನ್ ಎ ಗೂಡ್ಸು ವೆಯಿಕಲ್ಲೂ" ಅಂತ ದನಿ ಕೂಡಿಸಿದ್ರು.

ಕುಂತ ಮಂದಿಯೆಲ್ಲ ಬಿದ್ದು ಬಿದ್ದು ನಕ್ರು. ಭೂಮಿ ಬಾಯಿ ಬಿಡಬಾರದಾ ಅನಿಸ್ತು. ನಗೋರ ಮ್ಯಾಲ ಸಿಟ್ಟು, ಅಪ್ಪನ ಮ್ಯಾಲ ಸಿಟ್ಟು, ಅವನ ಮುಖ ನೋಡಿದ್ರ ಸಂಕಟ. ಅವ ನಗು ನೋಡಿ ತಾಳ ತಪ್ಪಿತೇನೋ ಅಂತ ಗಾಬರಿ ಆಗಿ ಟಾವೆಲ್ಲು ಹಿಂಡಾಕತ್ತಿದ್ದ. ಜಡ್ಜು ಮಾತ್ರ ನಗಲಿಲ್ಲ. "ಯಾರವರು?" ಅಂತ ಕನ್ನಡದಾಗ ಕೇಳಿದ್ರು.

"ನಮ್ಮಪ್ಪರೀ" ಅಂದೆ.

"ಅವರಿಗೂ ಪೂರಾ ಬಾಯಿಪಾಠ ಆಗ್ಯದ. ಅರ್ಥ ಗೊತ್ತದೇನು ಅವರಿಗಿ?"

"ಇಲ್ಲರೀ."

"ನಿನಗ?"

ನಾ ಮಾನ್ವಿಯಾಕಿ ಕಡಿ ನೋಡಿದೆ. "ತಿರುಗಿ ನಿಂದ್ರು. ಈಗ ಹೇಳಿದ್ದನ್ನ ಅವರಿಗಿ ತಿಳಿಯಂಗ ಹೇಳು. ಆಮ್ಯಾಲ ನನಗ ಹೇಳುವಂತಿ" ಅಂದ್ರು. ಇಂಗ್ಲಿಷ್ ಮೇಡಂ ಏನೋ ಅನ್ನಾಕ ಬಾಯಿ ತೆರೆದ್ರು, ಅವರು ಕೈಸನ್ನಿ ಮಾಡಿ ಕುಂದ್ರಿಸಿದ್ರು.

ತಿರುಗಿದೆ. ಅಪ್ಪ ಎದ್ದು ನಿಂತ.

"ಯಪ್ಪಾ, ಗೂಡ್ಸ್ ಗಾಡಿ ಪಲ್ಟಿ ಆಗ್ಯದ. ಅದರಾಗ ಕೂಲಿಯವರು ಕುಂತಿದ್ರು. ಅವರಿಗಿ ವಿಮಾ ಕಂಪನಿ ಏನೂ ಕೊಡಬೇಕಾಗಿಲ್ಲ ಅಂತ."

"ಯಾಕಂತ?"

"ಪುಕ್ಕಟಿ ಕುಂತಿದ್ರಂತ."

ಅಪ್ಪ ಅಕ್ಕಪಕ್ಕದವರ ಮುಖ ನೋಡಿದ. "ಪುಕ್ಕಟಿ ಯಾರು ಕುಂದ್ರಸ್ತಾರಬೇ? ಬಾಡಗಿ ಕೂಲ್ಯಾಗ ಮುರಕೊಂತಾರಲ್ಲ. ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಆದ್ರ ನಾ ಕಂಪನಿ ವಕೀಲ. ಕೆಳಗ ಬಿದ್ದ ಬಾಯಿ ಅದ್ಯಾವ ಮಾಯದಾಗ ಎದ್ದು ಬಂತೋ, ಫಟ್ ಅಂತ ಉತ್ತರ ಬಂತು. "ಬಾಡಗಿ ಕೊಟ್ಟು ಕುಂತ್ರೂ ಅಷ್ಟ ಯಪ್ಪಾ. ಅದು ಸಾಮಾನು ಹೇರೋ ಗಾಡಿ. ಮಂದಿ ಕುಂದ್ರೋ ಹಂಗಿಲ್ಲ. ಕಂಪನಿ ಮಂದಿಗಂತ ವಿಮಾ ಮಾಡಿಲ್ಲ."

"ಹತ್ತಿ ಧಣಿ ತನ್ನ ಹತ್ತಿ ಜೋಡಿ ಕುಂತಿದ್ರ?"

"ಅವಗ ಬರ್ತದ. ಮಾಲಿನ ಧಣಿ ಮಾಲಿನ ಜೋಡಿ ಕುಂದ್ರಬಹುದು."

"ಹತ್ತಿ ಬಿಡಿಸಿದಾಕಿ ಕುಂತಿದ್ರ?"

"ಬರಂಗಿಲ್ಲ."

ಈ ಸಲ ಯಾರೂ ಕಿಸಕ್ ಅನ್ನಲಿಲ್ಲ. ಅಪ್ಪ ಟಾವೆಲ್ಲು ಹೆಗಲಿಗಿ ಹಾಕ್ಕೊಂಡ. "ನೀ ಯಾರ ಕಡಿ ಬೇ?" ಅಂತ ಕೇಳಿದ. ಸಿಟ್ಟಿಲೆ ಕೇಳಲಿಲ್ಲ, ಖರೇನೇ ತಿಳಿಲಾರದ ಕೇಳಿದ.

"ಕಂಪನಿ ಕಡಿ ಯಪ್ಪಾ. ಚೀಟಿ ಹಂಗ ಬಂತು."

"ಹೌದಾ" ಅಂದು ಕುಂತ. ಇಷ್ಟು ದಿನ ಸಂಜಿಗಿ ಸಂಜಿಗಿ ಅವ ತಾಳ ಹಾಕಿ ಹಾಡಿದ್ದು ಏನು ಅನ್ನೋದು ನನಗ ಆಗ ಪೂರಾ ತಟ್ಟಿತು. ಇಂಗ್ಲಿಷ್‌ನ್ಯಾಗ ಇರೋತನಕ ಚುಚ್ಚಿರಲಿಲ್ಲ. ಅಳು ಬಂತು, ಅಳಾಕ ಜಾಗ ಅಲ್ಲ ಅದು.

"ಈ ಕಡಿ ತಿರುಗು" ಅಂದ್ರು ಜಡ್ಜು. "ಈಗ ಅದನ್ನೇ ನನಗ ಇಂಗ್ಲಿಷ್‌ನ್ಯಾಗ ಹೇಳು. ಬರಕೊಂಡು ಬಂದದ್ದು ಬ್ಯಾಡ."

ಹೇಳಿದೆ. ಸಣ್ಣ ಸಣ್ಣ ವಾಕ್ಯ, ಹರಕು ಮುರಕು. ರಾಗ ಇರಲಿಲ್ಲ, ಪಲ್ಲವಿ ಇರಲಿಲ್ಲ. ಗಾಡಿ ಸಾಮಾನಿಂದು. ಮಂದಿಗಿ ವಿಮಾ ಇಲ್ಲ. ಬಾಡಗಿ ಕೊಟ್ರೂ ಇಲ್ಲ. ಅವರು ಅದೇ ಪ್ರಶ್ನಿ ಕೇಳಿದ್ರು, ಹಂಗಾದ್ರ ಯಾರು ಕೊಡಬೇಕು? ಗಾಡಿ ಮಾಲಕ ಅಂದೆ. ಮಾಲಕನ ಕಡಿ ಏನೂ ಇಲ್ಲಂದ್ರ? ಬೆನ್ನ ಹಿಂದ ಅಪ್ಪ ಕುಂತಾನ ಅನ್ನೋದು ಬೆನ್ನಿಗೇ ಗೊತ್ತಾಗ್ತಿತ್ತು. "ದೆನ್ ದೇ ಗೆಟ್ ನಥಿಂಗ್, ಮೈ ಲಾರ್ಡ್" ಅಂದೆ. ಅವರಿಗಿ ಏನೂ ಸಿಗಂಗಿಲ್ಲ. ಜಡ್ಜು ಬರಕೊಂಡ್ರು. ನಾನು ಆ ಕಾಲೇಜಿನ್ಯಾಗ ಯಾರೂ ಬರದುಕೊಡದ ಇಂಗ್ಲಿಷ್ ಮಾತಾಡಿದ್ದು ಅದೇ ಮೊದಲು.

ಪಾಸಾದೆ. ತೀರ್ಪೂ ಕಂಪನಿ ಕಡಿಗೇ ಆತು. ಮಾನ್ವಿಯಾಕಿ ಓಡಿಬಂದು ತೆಕ್ಕಿಗಿ ಬಿದ್ಲು, "ಸೋಲಿಸಿಬಿಟ್ಟೆಲ್ಲಬೇ ನನ್ನ!" ಅಂತ ಬೆನ್ನಿಗಿ ಗುದ್ದಿದ್ಲು. ನಾ ಅಪ್ಪನ್ನ ಹುಡುಕಾಕತ್ತಿದ್ದೆ. ಹೊರಗ ಬೇವಿನ ಗಿಡದ ಕೆಳಗ ನಿಂತಿದ್ದ. "ಪಾಸಾದೇನು?" ಅಂದ. ಹೂಂ ಅಂದೆ. "ಚೊಲೊ ಆತು. ಕುರ್ಚಿ ಸಿಕ್ತಲ್ಲ" ಅಂದು ಮ್ಯಾಳದವರನ್ನ ಕರಕೊಂಡು ಬಸ್‌ಸ್ಟ್ಯಾಂಡಿನ ಕಡಿ ಹೊಂಟ. ನಾನೂ ಹಿಂದ ಹೊಂಟೆ.

ಬಸ್ಸಿನ್ಯಾಗ ಕಂಡಕ್ಟರ್ ಅಪ್ಪಗ ರೊಕ್ಕದ ಟಿಕೆಟ್ ಕೊಟ್ಟ, ನನಗ ಫ್ರೀ ಟಿಕೆಟ್ ಕೊಟ್ಟ. ಈ ಸಲ ನಗು ಬರಲಿಲ್ಲ. ಅಪ್ಪ ಕಿಟಕಿ ಕಡಿ ಮುಖ ಮಾಡಿದ್ದ. ಬಸ್ಸು ಹತ್ತಿದ್ರ ಏನಾದ್ರೂ ಗುನುಗೋ ಮನಿಷ್ಯಾ, ದೇವದುರ್ಗ ಬಂದ್ರೂ ಒಂದು ಪದ ಎತ್ತಲಿಲ್ಲ. "ಸಿಟ್ಟಾದೇನು ಯಪ್ಪಾ?" ಅಂತ ಕೇಳಿದ್ರ "ಸಿಟ್ಟ್ಯಾಕ ಬೇ, ನೀ ಕಾಯ್ದೆದಾಗ ಇದ್ದದ್ದು ಹೇಳಿದಿ" ಅಂದ. ಬೈದಿದ್ರ ಸಮಾಧಾನ ಆಗ್ತಿತ್ತು. ಮನಿ ಮುಟ್ಟಿದ ಮ್ಯಾಲೂ ಒಳಗ ಹೊರಗ, ಒಳಗ ಹೊರಗ ತಿರಗಾಡಿದೆ. ಅವ್ವ ಮಾಡಿದ ಶಾವಗಿ ಪಾಯಸ ಗಂಗಾಳದಾಗೇ ಬಿಟ್ಟೆ.

ಮರುದಿನ ಮುಂಜಾನಿ ಊರ ಅಗಸಿ ಬಾಗಲ ಮುಂದ ಗೂಡ್ಸ್ ಗಾಡಿ ಬಂದು ನಿಂತ್ತು, ಹತ್ತಿ ಹೊಲಕ್ಕ. ಹೆಣ್ಣಮಕ್ಕಳು ಬುತ್ತಿ ಗಂಟು ಮ್ಯಾಲೊಗದು, ಒಬ್ಬರ ಕೈ ಒಬ್ಬರು ಹಿಡಕೊಂಡು ಹತ್ತಾಕತ್ತಿದ್ರು. "ಏ ವಕೀಲವ್ವ, ಗೆದ್ದೆಂತಲ್ಲಬೇ, ಫೇಡೆ ಯಾವಾಗ?" ಅಂತ ಒಬ್ಬಾಕಿ ಒದರಿದ್ಲು. ಮೊದಲಾಗಿದ್ರ ಅದಕ್ಕೊಂದು ತಿರುಗೇಟು ಕೊಡ್ತಿದ್ದೆ. ಅಪ್ಪ ಟಾವೆಲ್ಲು ತಲಿಗಿ ಸುತ್ತಿ ಕಡೀಗಿ ಹತ್ತಿದ. ಗಾಡಿ ಹಿಂದಿನ ಫಳಿ ಬಾಗಲ ಹಾಕೋ ಮುಂದ ಒಂದು ಕಾಲು ಇನ್ನೂ ಹೊರಗ ಇಟ್ಟು ನನ್ನ ಕಡಿ ನೋಡಿದ.

"ಏನ್ಬೇ ಯವ್ವಾ," ಅಂದ, "ಇಳೀಲೇನು?"

ಇಳಿ ಅನ್ನಾಕ ಬಾಯಿ ತೆರೆದೆ. ಇಳದು ಎಲ್ಲಿ ಹೋಗಬೇಕು ಅವ? ಹೊಲಕ್ಕ ಹೋಗೋ ಬ್ಯಾರೆ ಗಾಡಿ ಇರಲಿಲ್ಲ, ಇಳದ್ರ ಅವತ್ತಿನ ಕೂಲಿ ಇಲ್ಲ. ಅವ ನನ್ನ ಮುಖ ನೋಡಿ ನಕ್ಕು, ಕಾಲು ಒಳಗ ತಗೊಂಡ.

ಗಾಡಿ ಹೊಂಟ್ತು. ಹತ್ತಿ ಅಂಡಗಿ ಕಟ್ಟೋ ತಾಡಪತ್ರಿ ಮ್ಯಾಲ ಕುಂತು ಅಪ್ಪ ಪಲ್ಲವಿ ಎತ್ತಿದ: "ಮೇಟ್ ಪ್ಲೀಜ್ ಯುವರ್ ಲಾಡ್ಶೀಪಾ." ಅವನಿಗಿ ಈಗ ಅರ್ಥ ಗೊತ್ತಿತ್ತು. ಗಾಡಿ ತುಂಬ ಇದ್ದ ಹೆಣ್ಣಮಕ್ಕಳು ಗೊತ್ತಿಲ್ಲದೇ ದನಿ ಕೂಡಿಸಿದ್ರು. ಗಾಡಿ ತಿರುವು ದಾಟೋತನಕ ಕೇಳಾಕತ್ತಿತ್ತು.